ರಕ್ತ, ಬಾಲ್ಯ ಮತ್ತು ಸಾಕ್ಷ್ಯ: ವರ್ಜೀನಿಯಾ ವುಲ್ಫ್ ಅವರ ಕಾಯಿಲೆಯ ವ್ಯಾಖ್ಯಾನಗಳ ಚರಿತ್ರೆ

ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ (1882–1941) ಅವರ ಮನೋವ್ಯಾಧಿಗೆ ಒಂದು ಶತಮಾನದ ಅವಧಿಯಲ್ಲಿ ಹಲವು ಹೆಸರುಗಳು ಬಂದಿವೆ. ಅವರು ಬದುಕಿದ್ದಾಗ ಚಿಕಿತ್ಸೆ ನೀಡಿದ ವೈದ್ಯರು ಅದನ್ನು ನ್ಯೂರಸ್ತೇನಿಯಾ, ಅಂದರೆ ನರಗಳ ದೌರ್ಬಲ್ಯ ಎಂದರು. ಪತಿ ಲೆನರ್ಡ್ ವುಲ್ಫ್ 1964ರಲ್ಲಿ ಪ್ರಕಟಿಸಿದ ಆತ್ಮಕಥೆಯ ಸಂಪುಟವೊಂದರಲ್ಲಿ ಆ ಹೆಸರನ್ನು ಸಂಶಯಿಸಿ, ಉನ್ಮಾದ ಮತ್ತು ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ ಎಂದು ಅದನ್ನು ಗುರುತಿಸಿದರು. ಅಮೆರಿಕದ ಮನೋವೈದ್ಯಕೀಯ ಸಂಘದ 1980ರ ಕೈಪಿಡಿಯು ಈ ಕಾಯಿಲೆಗೆ ಬೈಪೋಲಾರ್ ಎಂಬ ಹೆಸರನ್ನು ಖಾಯಂಗೊಳಿಸಿದ ಮೇಲೆ, ವುಲ್ಫ್ ದ್ವಿಧ್ರುವ ಮನೋವ್ಯಾಧಿಗೆ ತುತ್ತಾದ ಪ್ರತಿಭಾವಂತರ ಪಟ್ಟಿಯಲ್ಲಿ ಸೇರಿಹೋದರು. ಸರಿಸುಮಾರು ಇದೇ ವರ್ಷಗಳಲ್ಲಿ ಸ್ತ್ರೀವಾದಿ ವಿದ್ವಾಂಸರು ಅದೇ ಕಾಯಿಲೆಯನ್ನು ಬಾಲ್ಯದಲ್ಲಿ ಅನುಭವಿಸಿದ ಲೈಂಗಿಕ ದೌರ್ಜನ್ಯದ ಫಲವೆಂದು ಓದತೊಡಗಿದರು.

ಹೀಗೆ ಒಂದು ಕಡೆ ಆನುವಂಶಿಕತೆಯ ವಾದ, ಇನ್ನೊಂದು ಕಡೆ ಬಾಲ್ಯದ ಆಘಾತದ ವಾದ. ಇವೆರಡೂ ಪರಸ್ಪರ ವಿರುದ್ಧವಾದವು ಎಂಬ ಗ್ರಹಿಕೆಯಿಂದಲೇ ವುಲ್ಫ್ ಕುರಿತ ಬಹುಪಾಲು ಬರಹಗಳು ಹೊರಟಿವೆ. ಆದರೆ ಆ ಮನೆತನದ ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಇಟ್ಟು ನೋಡಿದಾಗ ಬೇರೊಂದು ಸಂಗತಿ ಕಾಣಿಸುತ್ತದೆ. ರಕ್ತದ ಪುರಾವೆ ಎಂದು ಒಂದು ಪಕ್ಷ ಮುಂದಿಡುವ ಘಟನೆಗಳೂ ಬಾಲ್ಯದ ಪುರಾವೆ ಎಂದು ಇನ್ನೊಂದು ಪಕ್ಷ ಮುಂದಿಡುವ ಘಟನೆಗಳೂ ಅನೇಕ ವೇಳೆ ಒಂದೇ ಆಗಿವೆ. ಅವುಗಳನ್ನು ಎರಡು ಕಂಬಸಾಲುಗಳಲ್ಲಿ ಬೇರೆ ಮಾಡಿ ಬರೆದದ್ದು 1890ರ ದಶಕದ ವೈದ್ಯಶಾಸ್ತ್ರ. ಆ ವಿಂಗಡಣೆ ವುಲ್ಫ್ ಅವರ ಜೀವನದಲ್ಲಿ ಇರಲಿಲ್ಲ.

ಮನೆತನ

ವರ್ಜೀನಿಯಾ ಜನಿಸಿದ್ದು 1882ರ ಜನವರಿ 25ರಂದು, ಲಂಡನ್ನಿನ ಕೆನ್ಸಿಂಗ್ಟನ್ ಪ್ರದೇಶದ 22, ಹೈಡ್ ಪಾರ್ಕ್ ಗೇಟ್ ಎಂಬ ಮನೆಯಲ್ಲಿ. ತಂದೆ ಲೆಸ್ಲಿ ಸ್ಟೀಫನ್ ಪ್ರಸಿದ್ಧ ವಿಮರ್ಶಕರು, ಬ್ರಿಟನ್ನಿನ ರಾಷ್ಟ್ರೀಯ ಜೀವನಚರಿತ್ರೆ ಕೋಶದ ಮೊದಲ ಸಂಪಾದಕರು. ತಾಯಿ ಜೂಲಿಯಾ 1846ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು. ಇಬ್ಬರಿಗೂ ಅದು ಎರಡನೆಯ ವಿವಾಹ. ಜೂಲಿಯಾರ ಮೊದಲ ಪತಿ ಹರ್ಬರ್ಟ್ ಡಕ್‌ವರ್ತ್ 1870ರಲ್ಲಿ ತೀರಿಕೊಂಡಿದ್ದರು. ಆ ವಿವಾಹದಿಂದ ಜಾರ್ಜ್, ಸ್ಟೆಲ್ಲಾ, ಜೆರಾಲ್ಡ್ ಎಂಬ ಮೂವರು ಮಕ್ಕಳು. ಲೆಸ್ಲಿಯವರ ಮೊದಲ ಪತ್ನಿ ಕಾದಂಬರಿಕಾರ ಥ್ಯಾಕರೆಯ ಮಗಳು. ಅವರಿಂದ ಲಾರಾ ಎಂಬ ಒಬ್ಬ ಮಗಳು. ಈ ಎರಡನೆಯ ವಿವಾಹದಿಂದ ವ್ಯಾನೆಸಾ, ಥೋಬಿ, ವರ್ಜೀನಿಯಾ, ಏಡ್ರಿಯನ್ ಎಂಬ ನಾಲ್ವರು. ಮೂರು ಬಳ್ಳಿಗಳ ಎಂಟು ಮಕ್ಕಳು ಒಂದೇ ಸೂರಿನಡಿ ಬೆಳೆದ ಸಂಸಾರವಿದು.

ಆನುವಂಶಿಕತೆಯ ವಾದಕ್ಕೆ ಈ ಮನೆತನದಲ್ಲಿ ಸಾಮಗ್ರಿ ಧಾರಾಳವಾಗಿದೆ. ಲೆಸ್ಲಿ ಸ್ಟೀಫನ್ ಸ್ವತಃ ಖಿನ್ನತೆಯ ಸ್ವಭಾವದವರು. ಅವರ ತಂದೆಗೂ ಅದೇ ಬಾಧೆಯಿತ್ತು. ವ್ಯಾನೆಸಾ 1911ರ ನಂತರ ದೀರ್ಘಕಾಲದ ಖಿನ್ನತೆಯನ್ನು ಅನುಭವಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ಉಲ್ಲೇಖಗೊಳ್ಳುವವರು ಲೆಸ್ಲಿಯವರ ಅಣ್ಣನ ಮಗ ಜೆ. ಕೆ. ಸ್ಟೀಫನ್. ಕೇಂಬ್ರಿಜ್‌ನಲ್ಲಿ ಹೆಸರು ಮಾಡಿದ್ದ ಈ ಯುವಕ 1886ರಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಉನ್ಮಾದ ಮತ್ತು ಖಿನ್ನತೆಗಳ ಸುಳಿಗೆ ಸಿಕ್ಕಿ, 1892ರ ಫೆಬ್ರವರಿಯಲ್ಲಿ ನಾರ್ಥಾಂಪ್ಟನ್ನಿನ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೋವಿಜ್ಞಾನಿ ಕೇ ರೆಡ್‌ಫೀಲ್ಡ್ ಜೇಮಿಸನ್ ಅವರು 1993ರ ತಮ್ಮ ಗ್ರಂಥದಲ್ಲಿ ವುಲ್ಫ್ ಅವರ ವಂಶವೃಕ್ಷವನ್ನೇ ಕೊಟ್ಟಿದ್ದಾರೆ.

ಆದರೆ ವಂಶವೃಕ್ಷದ ರೇಖೆಗಳು ಒಂದು ವಿಷಯವನ್ನು ತೋರಿಸಲಾರವು. ಈ ಜೆ. ಕೆ. ಸ್ಟೀಫನ್ ಉನ್ಮಾದದ ಭರದಲ್ಲಿ ಹೈಡ್ ಪಾರ್ಕ್ ಗೇಟ್ ಮನೆಗೆ ಬಂದು ಹೋಗುತ್ತಿದ್ದರು, ಸ್ಟೆಲ್ಲಾಳ ಬೆನ್ನುಬಿದ್ದಿದ್ದರು. ಆಗ ವರ್ಜೀನಿಯಾ ಹತ್ತು ವರ್ಷದೊಳಗಿನ ಬಾಲಕಿ. ಆ ದೃಶ್ಯಗಳನ್ನು ಆಕೆ ಕಡೆಯವರೆಗೂ ಮರೆತಿರಲಿಲ್ಲ. ಆನುವಂಶಿಕತೆಯ ಪಟ್ಟಿಯಲ್ಲಿ ಒಂದು ಅಂಕವಾಗಿ ನಿಲ್ಲುವ ವ್ಯಕ್ತಿಯೇ ಮಗುವಿನ ಬಾಲ್ಯದಲ್ಲಿ ಒಂದು ಭಯವಾಗಿಯೂ ಇದ್ದ. ಲಾರಾಳ ವಿಷಯವೂ ಅಷ್ಟೆ. ಬುದ್ಧಿಮಾಂದ್ಯಳೆಂದು ಪರಿಗಣಿತಳಾದ ಆ ಅಕ್ಕ ಅದೇ ಮನೆಯಲ್ಲಿ ಉಳಿದವರಿಂದ ಪ್ರತ್ಯೇಕವಾಗಿ ಬೆಳೆದು, 1890ರ ದಶಕದ ಆರಂಭಕ್ಕೆ ಸಂಸ್ಥೆಯೊಂದಕ್ಕೆ ಸೇರಿ, 1945ರಲ್ಲಿ ಸಾಯುವವರೆಗೆ ಅಂತಹ ಸಂಸ್ಥೆಗಳಲ್ಲೇ ಉಳಿದಳು. ಕಾಯಿಲೆ ಬಿದ್ದ ಹೆಣ್ಣುಮಗುವಿಗೆ ಏನಾಗುತ್ತದೆ ಎಂಬುದನ್ನು ವರ್ಜೀನಿಯಾ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಜೆ. ಕೆ. ಸ್ಟೀಫನ್ನರ ತಂದೆಯ ಹೆಸರು ಭಾರತದ ವಕೀಲರಿಗೆ ಪರಿಚಿತವಾದದ್ದು. ಅವರು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. 1869ರಿಂದ 1872ರವರೆಗೆ ವೈಸರಾಯರ ಮಂಡಳಿಯ ಕಾನೂನು ಸದಸ್ಯರಾಗಿದ್ದು, 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರಚಿಸಿದವರು. ಅದರ 118ನೆಯ ಪ್ರಕರಣದ ಪ್ರಕಾರ, ಎಳೆ ವಯಸ್ಸಾಗಲಿ ಚಿತ್ತವಿಕಾರವಾಗಲಿ ತಾನಾಗಿ ಯಾರನ್ನೂ ಸಾಕ್ಷಿಯಾಗಲು ಅನರ್ಹರನ್ನಾಗಿ ಮಾಡುವುದಿಲ್ಲ. ಕೇಳಿದ ಪ್ರಶ್ನೆಯನ್ನು ತಿಳಿದು ಸರಿಯಾಗಿ ಉತ್ತರಿಸಬಲ್ಲವರೆಲ್ಲ ಸಾಕ್ಷಿಗಳೇ. ಕಾಲಕ್ಕೆ ಬಹಳ ಮುಂದಿದ್ದ ಮಾತಿದು. ಅದೇ ಅಧಿನಿಯಮದ 155ನೆಯ ಪ್ರಕರಣದಲ್ಲಿ, ಅತ್ಯಾಚಾರದ ದೂರು ಕೊಟ್ಟ ಸ್ತ್ರೀಯ ನಡತೆಯನ್ನು ಎತ್ತಿ ಆಕೆಯ ಮಾತಿನ ವಿಶ್ವಾಸಾರ್ಹತೆಯನ್ನು ಪ್ರಶ್ನಿಸಲು ಅವಕಾಶವೂ ಇತ್ತು. ಭಾರತದಲ್ಲಿ ಆ ಉಪಪ್ರಕರಣವನ್ನು ತೆಗೆದುಹಾಕಿದ್ದು 2002ರ ತಿದ್ದುಪಡಿಯಿಂದ. 2024ರ ಜುಲೈ 1ರಂದು ಹೊಸ ಕಾಯಿದೆ ಜಾರಿಗೆ ಬರುವವರೆಗೆ ಸ್ಟೀಫನ್ನರ ಅಧಿನಿಯಮವೇ ಕರ್ನಾಟಕದ ನ್ಯಾಯಾಲಯಗಳಲ್ಲೂ ನಡೆಯುತ್ತಿತ್ತು. ಸಾಕ್ಷ್ಯದ ಬಗ್ಗೆ ಇಷ್ಟೆಲ್ಲ ಯೋಚಿಸಿದ ಮನೆತನದ ಮಗಳೊಬ್ಬಳ ಸಾಕ್ಷ್ಯಕ್ಕೆ ಮುಂದೆ ಏನಾಯಿತು ಎಂಬುದು ಈ ಚರಿತ್ರೆಯ ಮುಖ್ಯ ಭಾಗ.

ಎರಡು ಬರಹ, ಎರಡು ಪತ್ರ

ಸ್ಟೀಫನ್ ಸಂಸಾರ 1894ರವರೆಗೆ ಬೇಸಿಗೆಗಳನ್ನು ಕಾರ್ನ್‌ವಾಲಿನ ಸೇಂಟ್ ಐವ್ಸ್ ಊರಿನ ಟ್ಯಾಲಂಡ್ ಹೌಸ್‌ನಲ್ಲಿ ಕಳೆಯುತ್ತಿತ್ತು. ಆ ಮನೆಯ ಊಟದ ಕೋಣೆಯ ಹೊರಗೆ ತಟ್ಟೆಗಳನ್ನಿಡುವ ಒಂದು ಕಟ್ಟೆ. ತಾನು ಬಹಳ ಚಿಕ್ಕವಳಿದ್ದಾಗ ಜೆರಾಲ್ಡ್ ತನ್ನನ್ನು ಅದರ ಮೇಲೆ ನಿಲ್ಲಿಸಿ ಮೈಯ ಗುಪ್ತ ಭಾಗಗಳನ್ನು ಮುಟ್ಟಿದ ಎಂದು ವರ್ಜೀನಿಯಾ ಬರೆದಿದ್ದಾರೆ. ಆಗ ಆಕೆಗೆ ಸುಮಾರು ಆರು ವರ್ಷ. ಜೆರಾಲ್ಡ್ ಆಕೆಗಿಂತ ಹನ್ನೆರಡು ವರ್ಷ ದೊಡ್ಡವನು. ಇದನ್ನು ಆಕೆ ದಾಖಲಿಸಿದ್ದು ‘ಎ ಸ್ಕೆಚ್ ಆಫ್ ದಿ ಪಾಸ್ಟ್’ ಎಂಬ ಸ್ಮೃತಿಲೇಖನದಲ್ಲಿ. 1939ರ ಏಪ್ರಿಲ್‌ನಲ್ಲಿ ಆರಂಭಿಸಿ 1940ರ ನವೆಂಬರ್‌ವರೆಗೆ ಬಿಟ್ಟು ಬಿಟ್ಟು ಬರೆದ ಆ ಲೇಖನ ಅವರ ಜೀವಿತಕಾಲದಲ್ಲಿ ಪ್ರಕಟವಾಗಲಿಲ್ಲ. 1941ರ ಜನವರಿ 12ರಂದು ಸಂಗೀತ ರಚನೆಕಾರ್ತಿ ಎಥೆಲ್ ಸ್ಮಿತ್ ಅವರಿಗೆ ಬರೆದ ಪತ್ರದಲ್ಲಿಯೂ ಅದೇ ಘಟನೆ ಬರುತ್ತದೆ. ಐವತ್ತು ವರ್ಷಗಳ ಅನಂತರವೂ ಆ ನೆನಪಿನಿಂದ ನಾಚಿಕೆಯಾಗುತ್ತದೆ ಎಂಬುದು ಅದರ ಆಶಯ. ಅದಾಗಿ ಹನ್ನೊಂದನೆಯ ವಾರಕ್ಕೆ, ಮಾರ್ಚ್ 28ರಂದು, ಆಕೆ ಊಸ್ ನದಿಯಲ್ಲಿ ಮುಳುಗಿ ಪ್ರಾಣ ಕಳೆದುಕೊಂಡರು.

ಇನ್ನೊಂದು ಸಾಕ್ಷ್ಯ ಜಾರ್ಜನ ವಿಷಯದ್ದು. ತಾಯಿ ಜೂಲಿಯಾ 1895ರ ಮೇ 5ರಂದು ನಿಧನರಾದರು. ಅವರ ಸ್ಥಾನದಲ್ಲಿ ಮನೆ ನಡೆಸಿದ ಸ್ಟೆಲ್ಲಾ ಮದುವೆಯಾದ ಕೆಲವೇ ತಿಂಗಳಲ್ಲಿ, 1897ರ ಜುಲೈನಲ್ಲಿ, ಸತ್ತಳು. ಕಿವುಡಾಗುತ್ತ, ಶೋಕದಲ್ಲಿ ಮುಳುಗಿದ್ದ ತಂದೆಯ ಮನೆಯಲ್ಲಿ ವ್ಯಾನೆಸಾ, ವರ್ಜೀನಿಯಾ ಇಬ್ಬರನ್ನೂ ಸಮಾಜಕ್ಕೆ ಪರಿಚಯಿಸುವ ಹೊಣೆ ಹೊತ್ತವನು ಆಕೆಗಿಂತ ಹದಿನಾಲ್ಕು ವರ್ಷ ಹಿರಿಯನಾದ ಜಾರ್ಜ್. ಆತ ರಾತ್ರಿ ವೇಳೆ ತನ್ನ ಕೋಣೆಗೆ ಬಂದು ಅಪ್ಪಿಕೊಳ್ಳುತ್ತಿದ್ದುದನ್ನು ವರ್ಜೀನಿಯಾ 1920ರ ಆಸುಪಾಸಿನಲ್ಲಿ ಗೆಳೆಯರ ಸ್ಮೃತಿಕೂಟದಲ್ಲಿ ಓದಿದ ಪ್ರಬಂಧದಲ್ಲಿ ಹೇಳಿದರು. ಪ್ರಬಂಧದ ಧಾಟಿ ಹಾಸ್ಯದ್ದು. ಕೇಳಿದವರು ನಕ್ಕಿರಬೇಕು. ಅದಕ್ಕೂ ಮುಂಚೆ, 1911ರ ಬೇಸಿಗೆಯಲ್ಲಿಯೇ ತನ್ನ ಗ್ರೀಕ್ ಭಾಷೆಯ ಅಧ್ಯಾಪಕಿಯಾಗಿದ್ದ ಜಾನೆಟ್ ಕೇಸ್ ಅವರಿಗೆ ಜಾರ್ಜನ ಬಗ್ಗೆ ಹೇಳಿದ್ದೇನೆಂದು ಅಕ್ಕನಿಗೆ ಪತ್ರ ಬರೆದಿದ್ದರು.

ಅಂದರೆ ಮೂವತ್ತು ವರ್ಷಗಳ ಅಂತರದಲ್ಲಿ ಗುರುವಿಗೆ, ಗೆಳೆಯರಿಗೆ, ಹಿರಿಯ ಸ್ನೇಹಿತೆಗೆ, ಮತ್ತು ತನಗಾಗಿಯೇ, ಬೇರೆ ಬೇರೆ ಧಾಟಿಯಲ್ಲಿ ಈ ಮಾತು ಬಂದಿದೆ. ಜಾರ್ಜನ ವರ್ತನೆ ಎಲ್ಲಿಯವರೆಗೆ ಹೋಯಿತು ಎಂಬ ಬಗ್ಗೆ ಜೀವನಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಆ ಭಿನ್ನಾಭಿಪ್ರಾಯವನ್ನೇ ಮುಂದೆ ಮಾಡಿ ಸಾಕ್ಷ್ಯವನ್ನು ಇಡಿಯಾಗಿ ತೇಲಿಸಿಬಿಡುವುದು ಚರಿತ್ರೆಯ ಕ್ರಮವಲ್ಲ. ಕಾಯಿಲೆಯನ್ನು ಮರೆಮಾಡದೆ ಬರೆದ ಲೇಖಕಿಯ ಮಾತನ್ನು ಕಾಯಿಲೆಯ ಲಕ್ಷಣವೆಂದು ಓದುವ ಅಭ್ಯಾಸಕ್ಕೆ ಅಲ್ಲಿಂದ ಹೆಚ್ಚು ದೂರವಿಲ್ಲ.

ಕಾಯಿಲೆಯ ಕಾಲಾನುಕ್ರಮ ಹೀಗಿದೆ. ತಾಯಿ ಸತ್ತ 1895ರ ಬೇಸಿಗೆಯಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಮೊದಲ ಕುಸಿತ. ತಂದೆ 1904ರ ಫೆಬ್ರವರಿ 22ರಂದು ತೀರಿಕೊಂಡ ಮೂರು ತಿಂಗಳಿಗೆ ಎರಡನೆಯದು; ಹಕ್ಕಿಗಳು ಗ್ರೀಕ್ ಭಾಷೆಯಲ್ಲಿ ಹಾಡುವುದು ಕೇಳಿಸಿತೆಂಬುದೂ ಕಿಟಕಿಯಿಂದ ಹಾರಿದ್ದೂ ಆಗಲೇ. 1910ರಲ್ಲಿ ಟ್ವಿಕನ್‌ಹ್ಯಾಮಿನ ಖಾಸಗಿ ಶುಶ್ರೂಷಾಗೃಹದಲ್ಲಿ ವಾಸ. 1912ರ ಆಗಸ್ಟ್‌ನಲ್ಲಿ ವಿವಾಹ; 1913ರ ಸೆಪ್ಟೆಂಬರ್‌ನಲ್ಲಿ ವೆರೊನಾಲ್ ಎಂಬ ನಿದ್ರೆಯ ಔಷಧಿಯನ್ನು ಅತಿಯಾಗಿ ಸೇವಿಸಿ ಸಾಯುವ ಪ್ರಯತ್ನ. 1915ರ ಆರಂಭದಲ್ಲಿ ಉನ್ಮಾದದ ತೀವ್ರ ಹಂತ. ಅದೇ ಮಾರ್ಚ್‌ನಲ್ಲಿ ಅವರ ಮೊದಲ ಕಾದಂಬರಿ ‘ದಿ ವಾಯೇಜ್ ಔಟ್’ ಹೊರಬಂದಿತು. ಅದನ್ನು ಪ್ರಕಟಿಸಿದ ಸಂಸ್ಥೆ ಜೆರಾಲ್ಡ್ ಡಕ್‌ವರ್ತ್‌ನದು. ಕೃತಿಯನ್ನು ಅಂಗೀಕರಿಸಬೇಕಾದವನು ಆ ಕಟ್ಟೆಯ ಬಳಿ ನಿಂತಿದ್ದವನೇ ಎಂಬ ಸಂಗತಿಯನ್ನು ಬಹುಪಾಲು ವೈದ್ಯಕೀಯ ವಿಶ್ಲೇಷಣೆಗಳು ಪರಿಗಣಿಸಿಲ್ಲ. ವುಲ್ಫ್ ದಂಪತಿಗಳು 1917ರಲ್ಲಿ ತಮ್ಮದೇ ಹೊಗಾರ್ತ್ ಪ್ರೆಸ್ ತೆರೆದರು. 1922ರ ‘ಜೇಕಬ್ಸ್ ರೂಮ್’ ಕಾದಂಬರಿಯಿಂದ ವರ್ಜೀನಿಯಾರ ಕೃತಿಗಳು ಅಲ್ಲಿಂದಲೇ ಹೊರಬಂದವು.

ಸಾವುಗಳ ನಂತರ ಕುಸಿತಗಳು ಬಂದಿವೆ, ನಿಜ. ಆದ್ದರಿಂದ ಕಾರಣ ದೌರ್ಜನ್ಯವಲ್ಲ, ಶೋಕ ಎನ್ನುವವರಿದ್ದಾರೆ. ಆದರೆ ಜಾರ್ಜನಿಗೆ ಮನೆಯಲ್ಲಿ ಅಷ್ಟು ಅಧಿಕಾರ ದೊರೆತದ್ದೇ ತಾಯಿ, ಸ್ಟೆಲ್ಲಾ ಇಬ್ಬರೂ ಇಲ್ಲವಾದುದರಿಂದ. ಶೋಕವೂ ದೌರ್ಜನ್ಯವೂ ಒಂದೇ ಬಾಗಿಲಿನಿಂದ ಒಳಬಂದವು.

ಎರಡು ಶಾಸ್ತ್ರಗಳ ಬೇರ್ಪಾಡು

ಉನ್ಮಾದ ಮತ್ತು ಖಿನ್ನತೆ ಒಂದೇ ವ್ಯಾಧಿಯ ಎರಡು ಮುಖಗಳೆಂಬ ಗ್ರಹಿಕೆಗೆ ಆಧುನಿಕ ವೈದ್ಯಕೀಯದಲ್ಲಿ ರೂಪ ಬಂದದ್ದು ಪ್ಯಾರಿಸ್‌ನಲ್ಲಿ, 1854ರಲ್ಲಿ. ಫಾಲ್ರೆ ಮತ್ತು ಬೇಯಾರ್ಜೆ ಎಂಬ ಇಬ್ಬರು ವೈದ್ಯರು ಒಂದೇ ವರ್ಷ ಅದನ್ನು ವಿವರಿಸಿ, ಯಾರು ಮೊದಲು ಎಂದು ಜಗಳವಾಡಿದರು. ಜರ್ಮನಿಯ ಎಮಿಲ್ ಕ್ರೇಪಲಿನ್ 1899ರಲ್ಲಿ ತಮ್ಮ ಪಠ್ಯಗ್ರಂಥದ ಆರನೆಯ ಆವೃತ್ತಿಯಲ್ಲಿ ಉನ್ಮಾದ–ಖಿನ್ನತಾ ವ್ಯಾಧಿಯನ್ನು ಸ್ವತಂತ್ರ ವರ್ಗವಾಗಿ ಸ್ಥಾಪಿಸಿದರು. ರೋಗಿಗಳಲ್ಲಿ ಹೆಚ್ಚಿನವರು ಸ್ತ್ರೀಯರೆಂಬುದನ್ನು ಗಮನಿಸಿದ್ದ ಕ್ರೇಪಲಿನ್, ಮೂಲಕಾರಣವನ್ನು ಹುಟ್ಟಿನಿಂದ ಬಂದ ದೇಹಪ್ರಕೃತಿಯಲ್ಲಿ ಕಂಡರು. ಜೀವನದ ಘಟನೆಗಳು ಅವರಿಗೆ ಕೇವಲ ನಿಮಿತ್ತಗಳು.

ಇದೇ ವರ್ಷಗಳಲ್ಲಿ ವಿಯೆನ್ನಾದಲ್ಲಿ ಬೇರೊಂದು ಪ್ರಯತ್ನ ನಡೆಯುತ್ತಿತ್ತು. ಸಿಗ್ಮಂಡ್ ಫ್ರಾಯ್ಡ್ 1896ರ ಏಪ್ರಿಲ್ 21ರಂದು ಅಲ್ಲಿನ ವೈದ್ಯರ ಸಭೆಯಲ್ಲಿ ಹದಿನೆಂಟು ರೋಗಿಗಳ ಆಧಾರದ ಮೇಲೆ, ಹಿಸ್ಟೀರಿಯಾದ ಮೂಲ ಬಾಲ್ಯದ ಲೈಂಗಿಕ ಅನುಭವದಲ್ಲಿದೆ ಎಂದು ಮಂಡಿಸಿದರು. ಸಭೆ ಅದನ್ನು ತಣ್ಣಗೆ ಸ್ವೀಕರಿಸಿತು. 1897ರ ಸೆಪ್ಟೆಂಬರ್ 21ರಂದು ಗೆಳೆಯ ಫ್ಲೀಸ್‌ಗೆ ಬರೆದ ಪತ್ರದಲ್ಲಿ ಫ್ರಾಯ್ಡ್ ಆ ಸಿದ್ಧಾಂತದಲ್ಲಿ ತಮಗೇ ನಂಬಿಕೆ ಉಳಿದಿಲ್ಲವೆಂದರು. ಅಲ್ಲಿಂದ ಮುಂದೆ ರೋಗಿಯ ಇಂತಹ ನೆನಪುಗಳಲ್ಲಿ ನಡೆದ ಘಟನೆಗಿಂತ ಬಯಕೆಯ ಕಲ್ಪನೆಗೆ ಹೆಚ್ಚಿನ ಸ್ಥಾನ ಬಂದಿತು. ಬಾಲ್ಯದ ದೌರ್ಜನ್ಯ ನಡೆಯುತ್ತದೆಂಬುದನ್ನು ಫ್ರಾಯ್ಡ್ ಸಂಪೂರ್ಣವಾಗಿ ನಿರಾಕರಿಸಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಅನುಯಾಯಿಗಳು ಗುರುವಿಗಿಂತ ಕಠಿಣರಾದರು.

ವರ್ಜೀನಿಯಾರ ಮೊದಲ ಕುಸಿತ 1895, ಫ್ರಾಯ್ಡರ ಮಂಡನೆ 1896, ಹಿಂತೆಗೆತ 1897, ಕ್ರೇಪಲಿನ್ನರ ವರ್ಗೀಕರಣ 1899. ಇದು ಕಾಕತಾಳೀಯ. ಆದರೆ ಇದರ ಪರಿಣಾಮ ಕಾಕತಾಳೀಯವಲ್ಲ. ಆ ನಾಲ್ಕು ವರ್ಷಗಳಲ್ಲಿ ಯುರೋಪಿನ ವೈದ್ಯಶಾಸ್ತ್ರ ಒಂದು ಹಂಚಿಕೆ ಮಾಡಿಕೊಂಡಿತು. ಹಿಸ್ಟೀರಿಯಾದಂತಹ ಬಾಧೆಗಳಿಗೆ ಬಾಲ್ಯ, ಅದೂ ಕಲ್ಪನೆಯ ಬಾಲ್ಯ, ಉನ್ಮಾದ–ಖಿನ್ನತೆಗೆ ರಕ್ತ. ಎರಡನೆಯ ಗುಂಪಿಗೆ ಸೇರಿದ ಸ್ತ್ರೀಯ ಬಾಲ್ಯವನ್ನು ವಿಚಾರಿಸುವುದು ವೈದ್ಯಕೀಯವಾಗಿ ಅನಗತ್ಯವಾಯಿತು. ಮನೋವಿಶ್ಲೇಷಣೆಯ ಒಳಗಿನಿಂದ ಕಾರ್ಲ್ ಅಬ್ರಹಾಂ 1911ರಿಂದ 1924ರವರೆಗೆ ಈ ವ್ಯಾಧಿಯ ಬಾಲ್ಯಮೂಲವನ್ನು ಹುಡುಕಿದರಾದರೂ ಅವರು ಕಂಡದ್ದು ಪ್ರೀತಿಯಲ್ಲಿ ಆದ ಆಶಾಭಂಗವನ್ನು, ಹಿರಿಯರ ಅಪರಾಧವನ್ನಲ್ಲ. ಅಬ್ರಹಾಮರ ಆಯ್ದ ಪ್ರಬಂಧಗಳು ಇಂಗ್ಲಿಷ್‌ನಲ್ಲಿ 1927ರಲ್ಲಿ ಬಂದದ್ದು ವುಲ್ಫ್ ದಂಪತಿಗಳ ಹೊಗಾರ್ತ್ ಪ್ರೆಸ್‌ನಿಂದಲೇ. 1924ರಿಂದ ಫ್ರಾಯ್ಡರ ಕೃತಿಗಳನ್ನೂ ಅದೇ ಪ್ರೆಸ್ ಪ್ರಕಟಿಸುತ್ತಿತ್ತು. ತಮ್ಮ ಏಡ್ರಿಯನ್ ಸ್ವತಃ ಮನೋವಿಶ್ಲೇಷಕರಾದರು. ಇಷ್ಟಾದರೂ ವರ್ಜೀನಿಯಾ ಎಂದೂ ಮನೋವಿಶ್ಲೇಷಣೆಗೆ ಒಳಗಾಗಲಿಲ್ಲ. 1939ರ ಜನವರಿ 28ರಂದು ಹ್ಯಾಂಪ್‌ಸ್ಟೆಡ್‌ನ ಮನೆಯಲ್ಲಿ ಫ್ರಾಯ್ಡರನ್ನು ಭೇಟಿಯಾದಾಗ ವೃದ್ಧ ಫ್ರಾಯ್ಡ್ ಆಕೆಗೆ ನಾರ್ಸಿಸಸ್ ಹೂವೊಂದನ್ನು ಕೊಟ್ಟರು. ಆಕೆ ಅವರ ಗ್ರಂಥಗಳನ್ನು ಗಂಭೀರವಾಗಿ ಓದತೊಡಗಿದ್ದು ಆ ವರ್ಷದ ಕೊನೆಗೆ, ಅವರು ತೀರಿಕೊಂಡ ಮೇಲೆ.

ದೊರೆತ ಚಿಕಿತ್ಸೆ ಈ ಹಂಚಿಕೆಗೆ ತಕ್ಕಂತೆಯೇ ಇತ್ತು. ಪ್ರಮುಖ ವೈದ್ಯರಾದ ಜಾರ್ಜ್ ಸ್ಯಾವೇಜ್ ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯ ಮುಖ್ಯಸ್ಥರಾಗಿದ್ದವರು. 1884ರಲ್ಲಿ ಮನೋವ್ಯಾಧಿಗಳ ಕುರಿತು ಪಠ್ಯಗ್ರಂಥ ಬರೆದವರು. ಅವರು ಹೇಳಿದ್ದು ಅಮೆರಿಕದ ವಿಯರ್ ಮಿಚೆಲ್ ಪ್ರಚಾರಕ್ಕೆ ತಂದಿದ್ದ ವಿಶ್ರಾಂತಿ ಚಿಕಿತ್ಸೆಯನ್ನು: ಹಾಸಿಗೆ, ಕತ್ತಲ ಕೋಣೆ, ಧಾರಾಳ ಹಾಲು, ಓದು ಬರಹಕ್ಕೆ ತಡೆ. 1922ರಲ್ಲಿ ದೇಹದ ಸೋಂಕನ್ನು ನಿವಾರಿಸಲೆಂದು ಮೂರು ಹಲ್ಲುಗಳನ್ನು ಕೀಳಿಸಿದ್ದೂ ಉಂಟು. ಬರೆಯುವವಳಿಗೆ ಬರೆಯಬೇಡವೆನ್ನುವ ಈ ಚಿಕಿತ್ಸೆಯಲ್ಲಿ ರೋಗಿ ಏನು ಹೇಳುತ್ತಾಳೆ ಎಂಬುದಕ್ಕೆ ಸ್ಥಾನವೇ ಇರಲಿಲ್ಲ. 1925ರ ‘ಮಿಸೆಸ್ ಡ್ಯಾಲೊವೇ’ ಕಾದಂಬರಿಯ ಸರ್ ವಿಲಿಯಂ ಬ್ರ್ಯಾಡ್‌ಶಾ ಎಂಬ ವೈದ್ಯನ ಪಾತ್ರ ಈ ಅನುಭವದಿಂದ ಬಂದದ್ದು. ಅಲ್ಲಿ ಆಘಾತಕ್ಕೆ ಸಿಕ್ಕವನು ಯುದ್ಧದಿಂದ ಮರಳಿದ ಸೈನಿಕ. ಹೆಣ್ಣಿನ ಬಾಲ್ಯದ ಆಘಾತಕ್ಕೆ ಇನ್ನೂ ಹೆಸರಿಲ್ಲದ ಕಾಲದಲ್ಲಿ ಸೈನಿಕನ ಆಘಾತಕ್ಕೆ ಹೆಸರು ದೊರೆತಿತ್ತು. ಲಿಥಿಯಂ ಉಪಯುಕ್ತವೆಂದು ಆಸ್ಟ್ರೇಲಿಯಾದ ಜಾನ್ ಕೇಡ್ ತೋರಿಸಿದ್ದು 1949ರಲ್ಲಿ, ವರ್ಜೀನಿಯಾ ಸತ್ತು ಎಂಟು ವರ್ಷಗಳಾದ ಮೇಲೆ.

ವಾದ ಪ್ರತಿವಾದ

ಕಾಯಿಲೆಯ ಅತ್ಯಂತ ವಿವರವಾದ ದಾಖಲೆ ಲೆನರ್ಡ್ ಅವರದು. 1904ರಿಂದ 1911ರವರೆಗೆ ಸಿಲೋನ್ ಆಡಳಿತ ಸೇವೆಯಲ್ಲಿದ್ದ ಅವರು ಪತ್ನಿಯ ಆರೋಗ್ಯದ ದಿನನಿತ್ಯದ ಟಿಪ್ಪಣಿಗಳನ್ನು ತಮಿಳು ಮತ್ತು ಸಿಂಹಳ ಅಕ್ಷರಗಳಿಂದ ಮಾಡಿಕೊಂಡ ಗುಪ್ತಲಿಪಿಯಲ್ಲಿ ಬರೆದಿಟ್ಟರು. ನಿದ್ರೆ, ಊಟ, ತೂಕ, ಮಾತಿನ ವೇಗ ಎಲ್ಲವನ್ನೂ ಗಮನಿಸಿದ ಈ ಕಾಳಜಿಯನ್ನು ಕೆಲವರು ಕಾವಲು ಎಂದು ಜರಿದಿರುವುದು ನ್ಯಾಯವಲ್ಲ. ಆದರೆ 1964ರ ಅವರ ನಿರೂಪಣೆ ಕಾಯಿಲೆಯ ಸ್ವರೂಪವನ್ನು ಹೇಳುತ್ತದೆ; ಬಾಲ್ಯದ ಕಡೆಗೆ ಹೋಗುವುದಿಲ್ಲ.

ಜಾರ್ಜನ ವಿಷಯ ವಿಶಾಲ ಓದುಗರಿಗೆ ತಿಳಿದದ್ದು ವ್ಯಾನೆಸಾರ ಮಗ ಕ್ವೆಂಟಿನ್ ಬೆಲ್ 1972ರಲ್ಲಿ ಬರೆದ ಜೀವನಚರಿತ್ರೆಯಿಂದ. 1976ರಲ್ಲಿ ಜೀನ್ ಶುಲ್ಕಿಂಡ್ ಸಂಪಾದಿಸಿದ ‘ಮೊಮೆಂಟ್ಸ್ ಆಫ್ ಬೀಯಿಂಗ್’ ಸಂಕಲನದಲ್ಲಿ ಸ್ಮೃತಿಲೇಖನಗಳು ಅಚ್ಚಾದವು. ಆ ಪುಸ್ತಕ ಬಂದ ಕಾಲವೂ ಮುಖ್ಯ. ಅಮೆರಿಕ, ಬ್ರಿಟನ್‌ಗಳಲ್ಲಿ ಸ್ತ್ರೀ ಚಳವಳಿಯಿಂದಾಗಿ ಕುಟುಂಬದೊಳಗಿನ ದೌರ್ಜನ್ಯ ಸಾರ್ವಜನಿಕ ಚರ್ಚೆಗೆ ಬರುತ್ತಿತ್ತು. ಜುಡಿತ್ ಹರ್ಮನ್ ಅವರ ತಂದೆ–ಮಗಳ ನಡುವಿನ ಲೈಂಗಿಕ ಶೋಷಣೆ ಕುರಿತ ಅಧ್ಯಯನ 1981ರಲ್ಲಿ ಪ್ರಕಟವಾಯಿತು. ರೋಜರ್ ಪೂಲ್ 1978ರಲ್ಲಿ, ಸ್ಟೀಫನ್ ಟ್ರಾಂಬ್ಲಿ 1981ರಲ್ಲಿ ವುಲ್ಫ್‌ಗೆ ‘ಹುಚ್ಚು’ ಎಂಬ ಪಟ್ಟ ಕಟ್ಟಿದ್ದನ್ನೇ ಪ್ರಶ್ನಿಸಿದರು. ಲೂಯಿಸ್ ಡಿಸಾಲ್ವೊ 1989ರ ಗ್ರಂಥದಲ್ಲಿ ಆಕೆಯ ಬದುಕು ಬರಹಗಳನ್ನು ಬಾಲ್ಯದ ಲೈಂಗಿಕ ದೌರ್ಜನ್ಯದ ಬೆಳಕಿನಲ್ಲಿ ಆದ್ಯಂತ ಓದಿದರು. ಇದಕ್ಕೆ ಉತ್ತರವೆಂಬಂತೆ ಥಾಮಸ್ ಕ್ಯಾರಮ್ಯಾಗ್ನೊ 1992ರಲ್ಲಿ, ಕಾಯಿಲೆ ಜೈವಿಕವಾದದ್ದು, ಅದನ್ನು ಮನಸ್ಸಿನ ದೌರ್ಬಲ್ಯ ಅಥವಾ ಬಾಲ್ಯದ ಗಾಯವೆಂದು ಓದುವುದು ರೋಗಿಯ ಮೇಲೆಯೇ ಹೊಣೆ ಹೊರಿಸಿದಂತೆ ಎಂದು ವಾದಿಸಿದರು.

ಡಿಸಾಲ್ವೊ ಅವರ ಕೃತಿಯ ಬಲವಿರುವುದು ಸಾಕ್ಷ್ಯವನ್ನು ಸಾಕ್ಷ್ಯವಾಗಿ ಓದಿದ್ದರಲ್ಲಿ. ಲಾರಾಳ ಬದುಕನ್ನು ಅಡಿಟಿಪ್ಪಣಿಯಿಂದ ಮೇಲೆತ್ತಿದ್ದು ಆ ಗ್ರಂಥದ ದೊಡ್ಡ ಲಾಭ. ಆದರೆ ಎಲ್ಲ ಬರಹವನ್ನೂ ಒಂದೇ ಗಾಯದ ಗುರುತಾಗಿ ನೋಡುವಾಗ ಉನ್ಮಾದದ ಆವರ್ತಗಳು, ಕುಟುಂಬದಲ್ಲಿ ಹರಡಿದ್ದ ಖಿನ್ನತೆ, ನಡುವಿನ ದೀರ್ಘ ಆರೋಗ್ಯದ ವರ್ಷಗಳು ವಿವರಣೆಯಿಲ್ಲದೆ ಉಳಿಯುತ್ತವೆ. ಕ್ಯಾರಮ್ಯಾಗ್ನೊ ಅವರ ಉದ್ದೇಶ ಮಾನವೀಯವಾದದ್ದು. ಅಪರಾಧಪ್ರಜ್ಞೆಯಿಂದ ರೋಗಿಯನ್ನು ಬಿಡಿಸುವುದು. ಹಾಗೆ ಮಾಡುವಾಗ ನಿಜವಾಗಿ ಅಪರಾಧ ಮಾಡಿದವರೂ ಚಿತ್ರದಿಂದ ಹೊರಗೆ ಸರಿಯುತ್ತಾರೆ ಎಂಬುದು ಅವರ ನಿಲುವಿನ ತೊಡಕು. ಹರ್ಮಿಯೋನಿ ಲೀ ಅವರ 1996ರ ಜೀವನಚರಿತ್ರೆ ಯಾವುದೇ ಒಂದು ರೋಗನಾಮಕ್ಕೆ ಆಕೆಯನ್ನು ಒಪ್ಪಿಸಲು ನಿರಾಕರಿಸಿತು. ಈವರೆಗಿನ ನಿರೂಪಣೆಗಳಲ್ಲಿ ಹೆಚ್ಚು ಸಮತೂಕದ್ದು ಅದೇ.

ಈಚಿನ ಸಂಶೋಧನೆ

ಈ ವಾದ ಸಾಹಿತ್ಯ ವಲಯದಲ್ಲಿ ನಡೆಯುತ್ತಿದ್ದಾಗ ಮನೋವೈದ್ಯಶಾಸ್ತ್ರ 1899ರ ಹಂಚಿಕೆಯನ್ನು ನಿಧಾನವಾಗಿ ಮರುಪರಿಶೀಲಿಸತೊಡಗಿತ್ತು. ಲೆವೆರಿಚ್ ಮತ್ತು ಸಹೋದ್ಯೋಗಿಗಳು 2002ರಲ್ಲಿ 631 ದ್ವಿಧ್ರುವ ರೋಗಿಗಳನ್ನು ಅಧ್ಯಯನ ಮಾಡಿ, ಬಾಲ್ಯದಲ್ಲಿ ದೈಹಿಕ ಅಥವಾ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಲ್ಲಿ ಕಾಯಿಲೆ ಬೇಗ ಆರಂಭವಾಗುವುದನ್ನೂ ಆತ್ಮಹತ್ಯಾ ಪ್ರಯತ್ನಗಳು ಹೆಚ್ಚಿರುವುದನ್ನೂ ತೋರಿಸಿದರು. ಪಾಮಿಯರ್–ಕ್ಲಾಸ್ ಮತ್ತಿತರರು 2016ರಲ್ಲಿ 19 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ಬಾಲ್ಯದ ಪ್ರತಿಕೂಲ ಅನುಭವಗಳು ದ್ವಿಧ್ರುವ ರೋಗಿಗಳಲ್ಲಿ ಇತರರಿಗಿಂತ 2.63 ಪಟ್ಟು ಹೆಚ್ಚಾಗಿ ಕಂಡವು. ಭಾವನಾತ್ಮಕ ದೌರ್ಜನ್ಯದ ಸಂಬಂಧ ಇನ್ನೂ ಬಲವಾದದ್ದು, ಸುಮಾರು ನಾಲ್ಕು ಪಟ್ಟು. ಕಣ್ಣಿಗೆ ಕಾಣುವ ಹಿಂಸೆಗಿಂತ ಮಾತಿನ, ಅವಹೇಳನದ, ಕಡೆಗಣನೆಯ ಹಿಂಸೆ ಇಲ್ಲಿ ಮುಂದಿದೆ ಎಂಬುದು ಗಮನಾರ್ಹ.

ಸ್ತ್ರೀಯರ ಮಟ್ಟಿಗೆ ಚಿತ್ರ ಇನ್ನಷ್ಟು ಸೂಕ್ಷ್ಮವಾಗಿದೆ. ತೀವ್ರ ಉನ್ಮಾದವಿರುವ ಮೊದಲ ಬಗೆಯ ದ್ವಿಧ್ರುವ ವ್ಯಾಧಿ ಸ್ತ್ರೀಪುರುಷರಲ್ಲಿ ಹೆಚ್ಚುಕಡಿಮೆ ಸಮನಾಗಿದೆ. ಖಿನ್ನತೆಯೇ ಪ್ರಧಾನವಾಗಿ ಉನ್ಮಾದ ಮಂದವಾಗಿರುವ ಎರಡನೆಯ ಬಗೆ ಮತ್ತು ವೇಗವಾಗಿ ತಿರುಗುವ ಆವರ್ತಗಳು ಸ್ತ್ರೀಯರಲ್ಲಿ ಹೆಚ್ಚು. ಬಾಲ್ಯದ ಲೈಂಗಿಕ ದೌರ್ಜನ್ಯವನ್ನು ವರದಿ ಮಾಡುವವರಲ್ಲಿಯೂ ಸ್ತ್ರೀಯರೇ ಹೆಚ್ಚು. ಈ ಎರಡಕ್ಕೂ ಇರುವ ನಂಟು ಕಾರ್ಯಕಾರಣದ್ದೇ ಎಂದು ಹೇಳುವಷ್ಟು ಖಚಿತತೆ ಬಂದಿಲ್ಲ. ಮ್ಯಾಕ್‌ಗಫಿನ್ ಮತ್ತಿತರರ 2003ರ ಅವಳಿಗಳ ಅಧ್ಯಯನ ಈ ವ್ಯಾಧಿಯ ಆನುವಂಶಿಕ ಪ್ರಮಾಣವನ್ನು ಸುಮಾರು ಶೇಕಡ 85 ಎಂದು ಅಂದಾಜು ಮಾಡಿತು. ಆದರೆ ಆ ಅಂಕಿ ಒಂದು ಜನಸಮೂಹದೊಳಗಿನ ವ್ಯತ್ಯಾಸಗಳ ಲೆಕ್ಕವೇ ಹೊರತು, ಒಬ್ಬ ವ್ಯಕ್ತಿಯ ಕಾಯಿಲೆಯಲ್ಲಿ ರಕ್ತದ ಪಾಲು ಇಷ್ಟು, ಬಾಲ್ಯದ ಪಾಲು ಇಷ್ಟು ಎಂದು ತೂಗುವ ತಕ್ಕಡಿಯಲ್ಲ. ಕಾಯಿಲೆಯುಳ್ಳ ತಂದೆತಾಯಿಗಳು ಮಗುವಿಗೆ ವಂಶವಾಹಿಗಳನ್ನೂ ಕೊಡುತ್ತಾರೆ, ಮನೆಯನ್ನೂ ಕೊಡುತ್ತಾರೆ.

ನೆನಪಿನ ಪ್ರಶ್ನೆಯೂ ಇದೆ. ಮೇಲಿನ ಅಧ್ಯಯನಗಳಲ್ಲಿ ಹೆಚ್ಚಿನವು ವಯಸ್ಕ ರೋಗಿಗಳು ನೆನಪಿನಿಂದ ಹೇಳಿದ್ದನ್ನು ಆಧರಿಸಿವೆ. ನೆನಪನ್ನು ಅವಲಂಬಿಸದ ಸಾಕ್ಷ್ಯವೂ ಕೆಲಮಟ್ಟಿಗೆ ಉಂಟು. ಮಾರ್ಟೆನ್ಸನ್ ಮತ್ತಿತರರು 2003ರಲ್ಲಿ ಡೆನ್ಮಾರ್ಕ್‌ನ ಜನಸಂಖ್ಯಾ ದಾಖಲೆಗಳಿಂದ, ಐದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವರಲ್ಲಿ ಈ ವ್ಯಾಧಿಯ ಸಂಭವ ಸುಮಾರು ನಾಲ್ಕು ಪಟ್ಟು ಎಂದು ಕಂಡರು. ವರ್ಜೀನಿಯಾಗೆ ಆಗ ಹದಿಮೂರು. ಈ ಅಂಕಿಯನ್ನು ಆಕೆಗೆ ನೇರವಾಗಿ ಅನ್ವಯಿಸುವಂತಿಲ್ಲ. ಸತ್ತವರಿಗೆ ರೋಗನಿರ್ಣಯ ಮಾಡುವಾಗ ಇಂತಹ ಎಚ್ಚರ ಎಲ್ಲ ಹೆಜ್ಜೆಗೂ ಬೇಕು.

ಕೇಳಿದರೆ ಮಾತ್ರ ಹೇಳುವ ಸಂಗತಿಗಳಿವು ಎಂಬುದಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪ್ರಭಾ ಎಸ್. ಚಂದ್ರ ಮತ್ತು ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬಹುದು. ಅದು ಬಾಲ್ಯಕ್ಕೆ ಸೀಮಿತವಾದುದಲ್ಲ, ದ್ವಿಧ್ರುವ ವ್ಯಾಧಿಯೊಂದಕ್ಕೇ ಸಂಬಂಧಿಸಿದ್ದೂ ಅಲ್ಲ. ತೀವ್ರ ಮನೋವ್ಯಾಧಿಯಿಂದ ಆಸ್ಪತ್ರೆ ಸೇರಿದ 146 ಸ್ತ್ರೀಯರನ್ನು ಸಂದರ್ಶಿಸಿ ಅವರ ಮೇಲೆ ನಡೆದ ಲೈಂಗಿಕ ಬಲಾತ್ಕಾರವನ್ನು ವಿಚಾರಿಸಿದ ಅಧ್ಯಯನ. ಸುಮಾರು ಮೂರರಲ್ಲಿ ಒಂದು ಭಾಗದಷ್ಟು ಸ್ತ್ರೀಯರು ಅಂತಹ ಅನುಭವವಿದೆಯೆಂದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಅದಕ್ಕೆ ಮೊದಲು ಅದನ್ನು ಯಾರಿಗೂ ಹೇಳಿರಲಿಲ್ಲ. ಮನೋವ್ಯಾಧಿಯುಳ್ಳ ಸ್ತ್ರೀಯ ಮಾತಿನ ವಿಶ್ವಾಸಾರ್ಹತೆಯ ಪ್ರಶ್ನೆ ಅವರಿಗೂ ತಿಳಿಯದ್ದೇನಲ್ಲ.

ವುಲ್ಫ್ ಅವರ ಸಾಕ್ಷ್ಯ ಪೂರ್ಣರೂಪದಲ್ಲಿ ಓದುಗರ ಕೈಸೇರಿದ್ದೂ ತಡವಾಗಿಯೇ. ‘ಎ ಸ್ಕೆಚ್ ಆಫ್ ದಿ ಪಾಸ್ಟ್’ ಲೇಖನದ ಇನ್ನೊಂದು ಬೆರಳಚ್ಚು ಪ್ರತಿ ದೊರೆತು, 1980ರಲ್ಲಿ ಬ್ರಿಟಿಷ್ ಲೈಬ್ರರಿಗೆ ಸೇರಿತು. 1976ರ ಮುದ್ರಣದಲ್ಲಿ ಇಲ್ಲದ ಹಲವು ಪುಟಗಳು ಅದರಲ್ಲಿದ್ದವು. ಬಹುಪಾಲು ತಂದೆಯನ್ನು ಕುರಿತವು. ಒಬ್ಬರನ್ನೇ ಪ್ರೀತಿಸುವುದೂ ದ್ವೇಷಿಸುವುದೂ ಒಟ್ಟಿಗೆ ಇರಬಲ್ಲದು ಎಂಬುದಕ್ಕೆ ಫ್ರಾಯ್ಡರನ್ನು ಓದಿದಾಗ ಹೆಸರು ಸಿಕ್ಕಿತೆಂದು ಆಕೆ ಅಲ್ಲಿ ಬರೆದಿದ್ದಾರೆ. ಆ ಪುಟಗಳನ್ನು ಒಳಗೊಂಡ ಪರಿಷ್ಕೃತ ಆವೃತ್ತಿ 1985ರಲ್ಲಿ ಪ್ರಕಟವಾಯಿತು.